ರಾಯರ ನಸ್ಯದ ಡಬ್ಬಿ

ನೌಕರನೊಬ್ಬ ನಿವೃತ್ತನಾಗುವ ತನಕ ಅವನಿಗೆ ಏನಾದರೂ ಗೊತ್ತಿದೆ ಎಂಬ ಗುಮಾನಿ ಯಾವ ಆಫೀಸಿಗೂ ಬರುವುದಿಲ್ಲ. ಹಾರ ತರಲು ಜವಾನನನ್ನು ಓಡಿಸಿದ ಮೇಲೆಯೇ 'ಅಯ್ಯೋ, ಇವರು ಹೋದರೆ ಗತಿಯೇನು?' ಎಂದು ಎಲ್ಲರೂ ಎದೆ ಹಿಡಿದುಕೊಳ್ಳುತ್ತಾರೆ.

ಮದರಾಸಿನ ನಮ್ಮ ವಿಮಾ ಕಚೇರಿಯಲ್ಲಿ ಹಾಗೆ ಎದೆ ಹಿಡಿದುಕೊಂಡವರು ಮ್ಯಾನೇಜರು. ಹೊರಟಿದ್ದವರು ಹೆಡ್ ಕ್ಲಾರ್ಕ್ ವಾಸುದೇವ ರಾಯರು, ಉಡುಪಿ ಕಡೆಯವರು. ನಾಲ್ಕಾರು ಸಣ್ಣ ಕಂಪನಿಗಳನ್ನು ಕಲಸಿ ಮಾಡಿದ ಆಫೀಸು ನಮ್ಮದು. ಯಾವ ಹಳೆಯ ಪಾಲಿಸಿಗೆ ಯಾವ ನಿಯಮ ಎಂಬುದು ರಾಯರನ್ನು ಬಿಟ್ಟರೆ ಯಾರಿಗೂ ತಿಳಿಯದು. ಯಾರು ಏನು ಕೇಳಿದರೂ "ಊಟ ಆದ ಮೇಲೆ ಬಾ" ಎನ್ನುವರು. ಊಟ ಆದ ಮೇಲೆ ಉತ್ತರ ಸಿದ್ಧ. ಮೊಸರನ್ನದ ಜೊತೆ ಉತ್ತರವನ್ನೂ ಮನೆಯವರು ಕಟ್ಟಿಕೊಡುತ್ತಾರೋ ಏನೋ ಎಂದು ನಮಗೆ ಸಂಶಯ.

ಮ್ಯಾನೇಜರು ನನ್ನನ್ನು ಕರೆದರು. "ಮೂರ್ತಿ, ರಾಯರ ತಲೆಯಲ್ಲಿರುವುದೆಲ್ಲ ಈ ತಿಂಗಳೊಳಗೆ ನಿಮ್ಮ ತಲೆಗೆ ಬರಬೇಕು. ಬಂದರೆ ಆ ಕುರ್ಚಿ ನಿಮಗೆ. ಇಲ್ಲದಿದ್ದರೆ ತಿರುನೆಲ್ವೇಲಿ ಶಾಖೆಯಲ್ಲಿ ಜಾಗ ಖಾಲಿ ಇದೆ." ಟಿ. ನಗರದಲ್ಲಿ ಒಳಗೇ ನಲ್ಲಿ ಇರುವ ಮನೆ ಸಿಕ್ಕಿ ನನ್ನ ಹೆಂಡತಿ ಆಗತಾನೇ ನಗಲು ಶುರುಮಾಡಿದ್ದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ರಾಯರ ಬೆನ್ನು ಬಿದ್ದೆ. ವಿದ್ಯೆ ಕಳ್ಳರು ಕದಿಯಲಾರದ ಸೊತ್ತು ಎಂದ ಹಿರಿಯರೂ ಯಾವುದೋ ಹೆಡ್ ಕ್ಲಾರ್ಕಿನ ಹಿಂದೆ ಅಲೆದು ಸುಸ್ತಾದವರೇ ಇರಬೇಕು. ಗುರುಕುಲದ ಶಿಷ್ಯರು ಸೌದೆ ಒಡೆದರು. ನಾನು ರಾಯರಿಗೆ ಕೊಡೆ ಹಿಡಿದೆ, ಹಲ್ಲುನೋವಿಗೆ ಲವಂಗ ತಂದುಕೊಟ್ಟೆ. "ಎಲ್ಲ ತನ್ನಷ್ಟಕ್ಕೇ ಬರ್ತದೆ ಮಾರಾಯ" ಎಂದು ನಸ್ಯ ಏರಿಸಿಕೊಂಡು ಅವರು ಮೇಜಿನಿಂದ ಮೇಜಿಗೆ ಹೋಗಿಬಿಡುವರು. ಮುದುಕ ಮಹಾ ಜಿಪುಣ ಎಂದು ನನಗೆ ಸಿಟ್ಟು ಬಂತು.

ಕೊನೆಯ ವಾರ, ಒಂದು ಹಳೆಯ ಪಾಲಿಸಿಯ ಬಗ್ಗೆ ಮೂಲೆ ಮೇಜಿನ ಗುಮಾಸ್ತ ಷಣ್ಮುಗಂನನ್ನು ಕೇಳಿದೆ. "ಎನಕ್ಕು ತೆರಿಯಾದು ಸಾರ್, ರಾವ್ ಸಾರನ್ನ ಕೇಳಿ" ಎಂದ. ರಾಯರನ್ನು ಕೇಳಿದೆ. ಊಟ ಆದ ಮೇಲೆ ಬರಬೇಕಂತೆ. ಈ ಸಲ ಬಿಡಲಿಲ್ಲ, ಊಟದ ಹೊತ್ತಿಗೆ ಅವರ ಹಿಂದೆಯೇ ನಡೆದೆ. ರಾಯರು ನೆಟ್ಟಗೆ ಹೋಗಿದ್ದು ಷಣ್ಮುಗಂ ಬಳಿಗೆ! ಡಬ್ಬಿ ಚಾಚಿದರು. ಅವನು ಒಂದು ಚಿಟಿಕೆ ಏರಿಸಿ, ಸೀನಿ, ಮೂಗೊರೆಸಿಕೊಳ್ಳುತ್ತಾ ಬೆಳಿಗ್ಗೆ ತನಗೆ ತಿಳಿಯದೆಂದ ಸಂಗತಿಯನ್ನೆಲ್ಲ ಸಾಂಗವಾಗಿ ಹೇಳಿಬಿಟ್ಟ.

ನಾನು ಅವರ ಮುಂದೆ ಹೋಗಿ ನಿಂತೆ. "ನಂಗೆ ಎಂಥದೂ ಗೊತ್ತಿಲ್ಲ ಮಾರಾಯ," ಎಂದರು ರಾಯರು. "ಯಾರಿಗೆ ಗೊತ್ತುಂಟು ಅಂತ ಗೊತ್ತುಂಟು, ಅಷ್ಟೆ. ಫೈಲು ಹಿಡ್ಕೊಂಡು ಕೇಳಿದ್ರೆ ಯಾರೂ ಹೇಳ್ಲಿಕ್ಕಿಲ್ಲ, ತಪ್ಪಾದ್ರೆ ಕುತ್ತಿಗೆಗೆ ಬರ್ತದಲ್ಲ? ಸೀನುವಾಗ ಹೇಳಿದ್ದಕ್ಕೆ ಯಾರು ಹಿಡೀತಾರೆ?"

ಹಾರ ಹಾಕಿಸಿಕೊಂಡು ಹೊರಡುವಾಗ ಡಬ್ಬಿಯನ್ನು ನನ್ನ ಕೈಗಿಟ್ಟರು. ಮರುದಿನ ಆ ಕುರ್ಚಿಯಲ್ಲಿ ಅಳುಕುತ್ತಾ ಕೂತಿದ್ದೆ. ಮ್ಯಾನೇಜರೇ ಬಂದು ಒಂದು ಪ್ರಶ್ನೆ ಎಸೆದರು. ನನಗೆ ತಲೆಬುಡ ತಿಳಿಯಲಿಲ್ಲ. ತಿರುನೆಲ್ವೇಲಿ ರೈಲು ಕೂಗಿದಂತಾಯಿತು.

"ಊಟ ಆದ ಮೇಲೆ ಬನ್ನಿ ಸಾರ್" ಎಂದೆ.

ಅವರ ಮುಖ ಅರಳಿತು. "ಭೇಷ್! ಎಲ್ಲ ಇಳಿಸಿಕೊಂಡುಬಿಟ್ಟಿದ್ದೀರಿ" ಎಂದು ಬೆನ್ನು ತಟ್ಟಿ ಹೋದರು. ನಾನು ಡಬ್ಬಿ ಎತ್ತಿಕೊಂಡು ಷಣ್ಮುಗಂ ಕಡೆ ನಡೆದೆ.