ಚಿಗವ್ವನಿಗೆ ಹಾಡಲು ಬರುವುದಿಲ್ಲ

ಬಳ್ಳಾರಿಯಲ್ಲಿ ರಾಯಲ್ಟಿ ಎಂಬ ಮಾತಿಗೆ ಅರ್ಥ ಒಂದೇ: ನೆಲದಿಂದ ಏನನ್ನಾದರೂ ಅಗೆದರೆ ಸರ್ಕಾರಕ್ಕೆ ಕಟ್ಟುವ ಹಣ. ಅದಿರು ಅಗೆದವರು ಕಟ್ಟುತ್ತಾರೆ, ಕಲ್ಲು ಒಡೆದವರು ಕಟ್ಟುತ್ತಾರೆ. ಕಟ್ಟದವರ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಚಾವಿ ಕಿತ್ತುಕೊಳ್ಳುತ್ತಾರೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಕಂಟೋನ್ಮೆಂಟಿನ ಒಂದು ಅದಿರು ಕಂಪನಿಯ ಆಫೀಸಿನಲ್ಲಿ ಟೈಪಿಸ್ಟಾಗಿದ್ದೆ. ಗುಡ್ಡದಿಂದ ಎಷ್ಟು ಟನ್ನು ಇಳಿಯಿತು, ಅದಕ್ಕೆ ರಾಯಲ್ಟಿ ಎಷ್ಟಾಯಿತು ಎಂದು ಮೂರು ಪ್ರತಿಗಳಲ್ಲಿ ಹೊಡೆಯುವುದು ನನ್ನ ಕೆಲಸ. ಒಂದು ಸೊನ್ನೆ ಹೆಚ್ಚು ಬಿದ್ದಿದ್ದರೆ ಏನು ಗತಿ ಎಂಬ ಯೋಚನೆ ನನಗೆ ಸರಿಯಾಗಿ ಊಟದ ಹೊತ್ತಿಗೇ ಬರುತ್ತಿತ್ತು. ತುತ್ತು ಗಂಟಲಲ್ಲೇ ಕೂತು ನನ್ನ ತೀರ್ಮಾನಕ್ಕೆ ಕಾಯುತ್ತಿತ್ತು. ಈಗ ಐವತ್ತರ ಹತ್ತಿರ ಬಂದರೂ ಆ ತುತ್ತು ಪೂರ್ತಿ ಇಳಿದಿಲ್ಲ.

ನಮ್ಮವ್ವನ ತಂಗಿ, ಅಂದರೆ ನನ್ನ ಚಿಗವ್ವ, ಕುರುಗೋಡಿನಲ್ಲಿದ್ದಳು. ಊರಿನಲ್ಲಿ ಯಾರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಪದ ಹೇಳಲು ಅವಳೇ ಬೇಕು. ಅವಳು ಬರುವುದು ತಡವಾದರೆ ಕೂಸನ್ನು ಕೈಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದರು. ಆ ದನಿಯ ಸುದ್ದಿ ಹೇಗೋ ಮದರಾಸಿನ ಒಂದು ಸಣ್ಣ ಗ್ರಾಮಫೋನ್ ಪ್ಲೇಟು ಕಂಪನಿಯ ಕಿವಿಗೆ ಬಿದ್ದು, ಅವರು ಬಳ್ಳಾರಿಗೆ ಬಂದು ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಗೋಡೆಗೆಲ್ಲ, ಹೊರಗಿನ ಸದ್ದು ಬಾರದಂತೆ, ಕೌದಿ ಹೊಡೆದು ಅವಳ ಹಾಡು ಹಿಡಿದುಕೊಂಡು ಹೋಗಿದ್ದರು. ಕೈಯಲ್ಲಿ ತೊಟ್ಟಿಲ ಹಗ್ಗ ಇಲ್ಲದಿದ್ದರೆ ಬಾಯಿಗೆ ಪದ ಬರುವುದಿಲ್ಲ ಎಂದು ಅವಳು ಹಟ ಹಿಡಿದದ್ದರಿಂದ, ಜಂತಿಗೆ ಸೀರೆ ಕಟ್ಟಿ ಒಳಗೊಂದು ದಿಂಬು ಮಲಗಿಸಿಕೊಟ್ಟರು. ದಿಂಬನ್ನು ತೂಗುತ್ತ ಅವಳು ಎರಡು ಪದ ಹಾಡಿದಳು. ನಾನು ಮೂಲೆಯಲ್ಲಿ ಕೂತು, ಎಲ್ಲಿ ಕೆಮ್ಮು ಬಂದೀತೋ ಎಂದು ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡಿದ್ದೆ. ಕೊನೆಗೆ ಅವರು ಕೊಟ್ಟ ಕಾಗದಕ್ಕೆ ಚಿಗವ್ವ ಸಹಿ ಹಾಕಿದಳು. ಓದಿ ಹೇಳಬೇಕಾದವನು ನಾನು. ಉಸಿರು ಬಿಡುವ ಆತುರದಲ್ಲಿ ಓದಿರಲಿಲ್ಲ.

ನಾಲ್ಕು ವರ್ಷ ಏನೂ ಇಲ್ಲ. ಆಮೇಲೆ ಒಂದು ದಿನ ಚಿಗವ್ವನ ಗಂಡ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಕುರುಗೋಡಿನ ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯಾದ ಕಾಗದ ತೆಗೆದರು.

"ಇಂಗ್ಲೀಷ ಐತಿ. ನಮ್ಮಾಕಿ ಹೆಸರಿಗೆ ಬಂದೈತಿ. ಸ್ವಲ್ಪ ನೋಡಪಾ."

ನೋಡಿದೆ. ಮದರಾಸಿನ ಕಂಪನಿಯದು. ಮೂರೇ ಸಾಲು. ತಮ್ಮ ಖಾತೆಯಲ್ಲಿ ರಾಯಲ್ಟಿ ಬಾಕಿ ನಿಂತಿದೆ. ಅದನ್ನು ಇತ್ಯರ್ಥ ಮಾಡಬೇಕಾಗಿದೆ. ಆದ್ದರಿಂದ ಈ ಪ್ಲೇಟಿನಲ್ಲಿ ಹಾಡಿದವರು ತಾವೇ ಹೌದೋ ಅಲ್ಲವೋ ತಿಳಿಸಬೇಕು.

"ರಾಯಲ್ಟಿ ಅಂತ ಬರದಾರ" ಎಂದೆ.

ಅವರು ಕುರ್ಚಿಯಲ್ಲಿ ಕೂತೇಬಿಟ್ಟರು. "ಎಷ್ಟು ಕಟ್ಟಬೇಕಂತ?"

"ಎಷ್ಟು ಅಂತ ಬರದಿಲ್ಲ. ಬಾಕಿ ಅಂತ ಐತಿ."

"ಬಾಕಿ ಅಂದ್ರ ದಂಡ ಸೇರೇ ಇರ್ತೈತಿ. ನಮ್ಮ ಸಾಹುಕಾರಗ ಹೋದ ವರ್ಷ ಹಂಗ ಆತು. ಅಲ್ಲೋ, ಕಲ್ಲಿಗೆ ಕೇಳ್ತಾರ, ಗೊತ್ತೈತಿ. ಹಾಡಿಗೆ ಯಾಕ?"

ಈ ಪ್ರಶ್ನೆಗೆ 'ನನಗೆ ಗೊತ್ತಿಲ್ಲ' ಎಂದು ಹೇಳಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಆದರೆ ಹೆದರಿದ ಮನುಷ್ಯನಿಗೆ ತರ್ಕ ಬಹಳ. ಆ ಪದಗಳು ಚಿಗವ್ವ ಕಟ್ಟಿದವಲ್ಲ, ಅವಳ ಅವ್ವನಿಂದ, ಅಜ್ಜಿಯಿಂದ ಬಂದವು. ಅಂದರೆ ನೆಲದೊಳಗಿನ ಅದಿರಿದ್ದ ಹಾಗೆ, ಎಲ್ಲರವು. ಅದನ್ನು ಒಬ್ಬಳು ಹೊರಗೆ ತೆಗೆದು ಪ್ಲೇಟು ಮಾಡಿ ಮಾರಿದರೆ ರಾಯಲ್ಟಿ ಬೀಳದೆ ಇರುತ್ತದೆಯೆ? ಇದನ್ನು ನಾನು ಅವರಿಗೆ ಬಿಡಿಸಿ ಹೇಳಿದೆ. ಅವರು ತಲೆ ಆಡಿಸಿದರು. ಇಬ್ಬರಿಗೂ ಅದು ಬಹಳ ಸರಿಯಾಗಿ ಕಂಡಿತು. ಆಫೀಸಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಸುದ್ದಿ ಸರ್ಕಾರಕ್ಕೆ ಮುಟ್ಟೀತೆಂದು ಕೇಳಲಿಲ್ಲ.

ಮೂರು ದಿನ ಯೋಚಿಸಿ ಒಂದು ಉತ್ತರ ಟೈಪು ಮಾಡಿದೆ. ಆಫೀಸಿನ ಹಾಳೆ ಬಳಸಬಾರದೆಂದು ಬ್ರೂಸ್‌ಪೇಟೆಯಲ್ಲಿ ಬೇರೆ ಹಾಳೆ ಕೊಂಡೆ. ತಾವು ಹೇಳುವ ಪ್ಲೇಟಿನಲ್ಲಿ ಹಾಡಿದವಳು ನಾನಲ್ಲ; ಅದೇ ಹೆಸರಿನ ಬೇರೆ ಯಾರೋ ಇರಬೇಕು; ನನಗೆ ಹುಟ್ಟಿನಿಂದ ಗಂಟಲ ಬೇನೆ ಇದ್ದು ಹಾಡಲು ಬರುವುದಿಲ್ಲ. ಗಂಟಲ ಬೇನೆ ನನ್ನ ಸ್ವಂತ ಕಲ್ಪನೆ. ಅದನ್ನು ಓದಿಕೊಂಡು, ನಿಜ ಹೇಳಬೇಕೆಂದರೆ, ಸ್ವಲ್ಪ ಹೆಮ್ಮೆಪಟ್ಟೆ.

ಭಾನುವಾರ ಕುರುಗೋಡಿಗೆ ಹೋದೆ. ಚಿಗವ್ವ ಕನ್ನಡ ಚೆನ್ನಾಗಿ ಓದುತ್ತಿದ್ದಳು, ಬರೆಯುತ್ತಿದ್ದಳು. ಇಂಗ್ಲಿಷ್ ಬರುತ್ತಿರಲಿಲ್ಲ.

"ಏನಂತ ಬರದೀ?"

"ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ."

"ಅಷ್ಟಕ್ಕ ಇಷ್ಟು ಉದ್ದಾ?"

"ಇಂಗ್ಲೀಷಿನಾಗ ಹಂಗ, ಚಿಗವ್ವ. ಇನ್ನೊಂದು ಮಾತು. ಇದು ತಣ್ಣಗಾಗೂತನಾ ತೊಟ್ಟಲಾ ಹಾಕೋ ಮನಿಗೆ ಹೋಗಬ್ಯಾಡ. ನೀ ಹಾಡೋದು ನಾಕು ಮಂದಿ ನೋಡಿದ್ರ ನಾವು ಬರದಿದ್ದು ಸುಳ್ಳಾಗತೈತಿ."

ಅವಳು ಸಹಿ ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಕೂಸು ತೂಗಾಕೂ ಪರವಾನಿಗಿ ಬೇಕೇನಲೇ?"

"ತೂಗಾಕ ಬ್ಯಾಡ. ಹಾಡಾಕ ಬೇಕಾಗಬಹುದು."

ಗಂಡ ಹಿಂದಿನಿಂದ, "ಹುಡುಗ ಆಫೀಸಿನಾಗ ಅದಾನ, ಅವಗ ಗೊತ್ತಿರ್ತೈತಿ" ಎಂದರು. ಅವಳು ಸಹಿ ಹಾಕಿದಳು. ಮರುದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಹನ್ನೊಂದು ತಿಂಗಳು ಅವಳು ಹಾಡಲಿಲ್ಲ. ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಳಂತೆ. ನಾನು ಕಾಗದದಲ್ಲಿ ಹುಟ್ಟಿಸಿದ ಬೇನೆಯನ್ನೇ ಅವಳೂ ಹೇಳುತ್ತಿದ್ದಾಳೆಂದು ಕೇಳಿ ನನಗೆ ಒಳಗೊಳಗೇ ಕಸಿವಿಸಿಯಾಯಿತು. ನಿಜವಾಗಿಯೂ ಬೇನೆ ಬಂದುಬಿಟ್ಟರೆ? ಮೆಣಸಿನ ಕಷಾಯ ಕುಡಿಯಲು ಹೇಳಿ ಕಳಿಸಿದೆ. ಅವಳ ಓಣಿಯ ಹೆಂಗಸರು, ಪ್ಲೇಟು ಬಂದಮೇಲೆ ಈಕೆಗೆ ಸೊಕ್ಕು ಬಂತು, ನಮ್ಮ ಮನೆ ಈಗ ಈಕೆಗೆ ಸೇರುವುದಿಲ್ಲ ಎಂದು ಆಡಿಕೊಳ್ಳುತ್ತಿದ್ದರು. ಆಮೇಲೆ ಆಮೇಲೆ ಕರೆಯುವುದನ್ನೂ ಬಿಟ್ಟರು.

ನಮ್ಮ ಅದಿರು ಕಂಪನಿಯ ಸಾಹುಕಾರರಿಗೆ ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯೂ ಇತ್ತು. ಅಲ್ಲಿಯ ಕಾಗದಪತ್ರಕ್ಕೆಂದು ಒಂದು ಮುಂಜಾನೆ ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿಗೆ ಹೇಳಿ ಕೂತೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪ್ಲೇಟು ತಿರುಗಲು ಶುರುವಾಯಿತು. ಚಿಗವ್ವನ ದನಿ. ಹೊರಗೆ ಕಟ್ಟಿದ ಭೋಂಗಾದಿಂದ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ನಾನು ಸುತ್ತ ನೋಡಿದೆ. ಯಾವ ಮೇಜಿನ ಮುಂದೆ ರಾಯಲ್ಟಿಯವನು ಕೂತಿದ್ದಾನೋ ಯಾರಿಗೆ ಗೊತ್ತು?

"ಬ್ಯಾರೆ ಪ್ಲೇಟು ಹಾಕ್ರಿ" ಎಂದೆ.

ಮಾಲೀಕರು ದಪ್ಪ ಮೀಸೆಯ ಮನುಷ್ಯ, ಆಂಧ್ರದ ಆದವಾನಿ ಕಡೆಯಿಂದ ಬಂದು ನೆಲೆಸಿದವರು. "ಏಮಂಡಿ, ಆಯಮ್ಮನ ದನಿ ನಿಮಗ ಸೇರಂಗಿಲ್ಲೇನು? ಸಿರುಗುಪ್ಪದಾಗ ನೀವ ಒಬ್ರು ನೋಡ್ರಿ" ಎಂದರು. ಆಮೇಲೆ ನನ್ನ ಜೇಬಿನ ಎರಡು ಪೆನ್ನು ನೋಡಿ, "ಇಂಗ್ಲೀಷ ಬರ್ತೈತೇನ್ರಿ? ಇದೊಂದು ಓದ್ರಿ. ಒಂದು ವಾರದಿಂದ ತಲಿ ತಿಂತೈತಿ" ಎಂದು ಒಂದು ಪತ್ರ ಕೊಟ್ಟರು.

ಪ್ಲೇಟು ತಯಾರಿಸುವವರ ಸಂಘದಿಂದ ಬಂದ ನೋಟೀಸು. ಪ್ಲೇಟು ಕೊಳ್ಳುವುದು ಮನೆಯಲ್ಲಿ ಕೇಳಲು. ಹೋಟೆಲು, ಅಂಗಡಿಗಳಲ್ಲಿ ಗಿರಾಕಿಗಳ ಮುಂದೆ ನುಡಿಸಬೇಕಾದರೆ ವರ್ಷಕ್ಕಿಷ್ಟು ಎಂದು ಲೈಸೆನ್ಸು ತೆಗೆದುಕೊಳ್ಳಬೇಕು. ಕನ್ನಡದಲ್ಲಿ ಹೇಳುತ್ತ ಹೋದೆ. ಹೆದರಿದವನು ನಾನೊಬ್ಬನೇ ಅಲ್ಲವೆಂದು ಸ್ವಲ್ಪ ಸಮಾಧಾನವೂ ಆಗುತ್ತಿತ್ತು.

"ಇದ್ಯಾವ ನ್ಯಾಯರಿ?" ಎಂದರು ಮಾಲೀಕರು. "ಪ್ಲೇಟು ನಾ ರೊಕ್ಕ ಕೊಟ್ಟು ತಂದೀನಿ. ಅಕ್ಕಿನೂ ರೊಕ್ಕ ಕೊಟ್ಟು ತರ್ತೀನಿ. ಅಕ್ಕಿ ಬೆಳದಾಂವ ಬಂದು ಇಡ್ಲಿಗೊಂದು ಪಾಲು ಕೇಳ್ತಾನೇನು?"

"ಇಡ್ಲಿ ಒಮ್ಮೆ ತಿಂದ್ರ ಮುಗೀತು. ಇದನ್ನ ನೀವು ದಿನಾ ಮುಂಜಾನಿ ಬಡಸ್ತೀರಿ" ಎಂದೆ. ಕಂಪನಿಯ ಪರವಾಗಿ ಮಾತಾಡಿದರೆ ನನ್ನ ಮೇಲೆ ಸಂಶಯ ಬರಲಿಕ್ಕಿಲ್ಲ ಎಂದು.

"ಅದೂ ಖರೇನ. ಮುಂದ ಓದ್ರಿ, ಈ ರೊಕ್ಕ ಯಾರ ಹೊಟ್ಟಿಗೆ ಹೋಗ್ತೈತಿ?"

ಮುಂದಿನ ಸಾಲು ಓದಿದೆ. ಹೀಗೆ ಸೇರಿದ ಹಣ ಪ್ಲೇಟು ತಯಾರಿಸಿದವರಿಗೆ ಹೋಗುತ್ತದೆ, ಒಪ್ಪಂದವಿದ್ದ ಕಡೆ ಹಾಡಿದವರಿಗೂ ಅದರಿಂದ ರಾಯಲ್ಟಿ ಕೊಡಲಾಗುತ್ತದೆ. ಕೊಡಲಾಗುತ್ತದೆ. ಇನ್ನೊಮ್ಮೆ ಓದಿದೆ. ಹಾಡಿದವರಿಂದ ಅಲ್ಲ, ಹಾಡಿದವರಿಗೆ. ಅದಿರು ಚಿಗವ್ವನದೇ. ಅಗೆದವರು ಮದರಾಸಿನವರು. ಬಾಕಿ ಕಟ್ಟಬೇಕಾದವರು ಅವರು. ಯಾರಿಗೆ ಕಟ್ಟಬೇಕು ಎಂದು ವಿಚಾರಿಸಿ ಬರೆದಿದ್ದರು. ನಾವಲ್ಲ ಎಂದು ನಾನು ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿದ್ದೆ.

"ಅಂದ್ರ ನಾ ಕೊಟ್ಟಿದ್ದರಾಗ ಈಯಮ್ಮಗೂ ಒಂದೀಟು ಮುಟ್ಟತೈತಿ ಅಂದಂಗಾತು" ಎಂದು ಮಾಲೀಕರು ಪ್ಲೇಟಿನ ಕಡೆ ಕೈ ಮಾಡಿದರು. "ಸರೇ, ಹಂಗಾರ ಕೊಡಾಣ. ಈಯಮ್ಮನ ಸಲುವಾಗಿ ಮಂದಿ ಇನ್ನೊಂದು ಚಾ ಕುಡಿತಾರ. ಯಾರ್ರೀ ಈಕಿ, ಯಾವೂರಾಕಿ?"

ನನ್ನ ಚಿಗವ್ವ ಎಂದು ಹೇಳುವ ಆಸೆ ನಾಲಿಗೆಯ ತುದಿಯವರೆಗೆ ಬಂತು. ಅವಳಲ್ಲ ಎಂದು ಬರೆದುಕೊಟ್ಟವನು ಯಾವ ಬಾಯಿಂದ ಹೇಳಲಿ? "ಗೊತ್ತಿಲ್ಲರಿ" ಎಂದೆ. ಮಿರ್ಚಿ ಹಾಗೆಯೇ ಬಿಟ್ಟು ಎದ್ದೆ.

ಗಿರಣಿಗೆ ಹೋಗಲಿಲ್ಲ. ನೌಕರಿಯ ಗತಿ ಏನಾದೀತೆಂದು ಲೆಕ್ಕ ಹಾಕುತ್ತಲೇ ಕುರುಗೋಡಿನ ಬಸ್ಸು ಹತ್ತಿದೆ. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ರಾಯಲ್ಟಿ ನಾವು ಕೊಡುವುದಲ್ಲ, ನಮಗೆ ಬರುವುದು ಎಂದಾಗ ಅವಳ ಕೈ ನಿಲ್ಲಲಿಲ್ಲ.

"ಹೋಗ್ಲಿ ಬಿಡು. ರೊಕ್ಕ ಬರೋದೂ ಗೊತ್ತಿರ್ಲಿಲ್ಲ, ಹೋಗಿದ್ದೂ ಗೊತ್ತಾಗ್ಲಿಲ್ಲ. ಆ ಉದ್ದನ್ನ ಕಾಗದದಾಗ ಏನಂತ ಬರದಿದ್ದಿ, ಅದನ್ನ ಹೇಳು."

"ಹಾಡಿದಾಕಿ ನಾನಲ್ಲ ಅಂತ."

"ಮತ್ತ?"

"ನನಗ ಹಾಡಾಕ ಬರಂಗಿಲ್ಲ ಅಂತ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು.

"ಸತ್ತಾಳ ಅಂತ ಬರದಿದ್ರೂ ಆಗತಿತ್ತಲ್ಲೋ ತಮ್ಮಾ" ಎಂದಳು. "ಸತ್ತಾಕಿ ಮೊದಲು ಹಾಡಿರ್ತಾಳ. ನೀ ಅದನ್ನೂ ಇಲ್ಲ ಅನಿಸಿದಿ. ಅದೂ ನನ್ನ ಕೈಲೇ ಸಹಿ ಹಾಕ್ಸಿ."



ಅಲ್ಲೇ ಹೊಸ ಕಾಗದ ಬರೆದೆ: ಹಿಂದಿನದು ತಪ್ಪು ತಿಳಿವಳಿಕೆಯಿಂದ ಆದದ್ದು, ಹಾಡಿದವಳು ನಾನೇ. ಈ ಸಲ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡು ಸಹಿ ಹಾಕಿದಳು. ಒಂದೂವರೆ ತಿಂಗಳಿಗೆ ಮದರಾಸಿನಿಂದ ಉತ್ತರ ಬಂತು. ಮೊದಲ ಪತ್ರದಲ್ಲಿ ಹಾಡಲು ಬರುವುದಿಲ್ಲವೆಂದೂ ಎರಡನೆಯದರಲ್ಲಿ ಹಾಡಿದವಳು ನಾನೇ ಎಂದೂ ಇದೆ. ಎರಡರಲ್ಲಿ ಯಾವುದು ನಿಜವೆಂದು ತಿಳಿಸಬೇಕು. ನಾನು ನಾಲ್ಕು ಪುಟ ಬರೆದೆ. ಸುಳ್ಳು ಬರೆದದ್ದಕ್ಕೆ ಜೈಲಾಗುತ್ತದೆಯೆ ಎಂಬ ಚಿಂತೆಯಲ್ಲಿ ಎರಡು ಪುಟ ಬರೀ ಕ್ಷಮಾಪಣೆ. ಚಿಗವ್ವ ಅದನ್ನು ಕೇಳಿ ಬದಿಗಿಟ್ಟು, ಒಂದು ಕಾರ್ಡು ತೆಗೆದುಕೊಂಡು ತಾನೇ ಕನ್ನಡದಲ್ಲಿ ಬರೆದಳು: 'ಮೊದಲನೇದು ನಮ್ಮ ಹುಡುಗ ಹೆದರಿ ಬರೆದದ್ದು. ಹಾಡಿದಾಕಿ ನಾನು. ಸಂಶಯ ಇದ್ದರೆ ಬಂದು ಕೇಳಿರಿ.'

"ಮದರಾಸಿನಾಗ ಕನ್ನಡ ಯಾರು ಓದ್ತಾರ, ಚಿಗವ್ವ?"

"ಕನ್ನಡದ ಹಾಡು ಮಾರಾಕ ಬರ್ತೈತಿ, ಓದಾಕ ಬರಂಗಿಲ್ಲೇನು?"

ಅದೇ ವಾರ ಎದುರು ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಕರೆದಿರಲಿಲ್ಲ. ಅವಳು ಸೀರೆ ಬದಲಿಸಿಕೊಂಡು ಹೊರಟಳು. ಮದರಾಸಿನಿಂದ ಉತ್ತರ ಬರುವತನಕ ತಡೆಯೆಂದು ಬಾಗಿಲಲ್ಲಿ ಅಡ್ಡ ನಿಂತೆ.

"ಕೂಸು ತಡೀಬೇಕಲ್ಲ" ಎಂದು ನನ್ನನ್ನು ಸರಿಸಿ ಹೋದಳು. ಮೊದಲ ಎರಡು ಸಾಲಿಗೆ ದನಿ ಒಡೆಯಿತು. ಹನ್ನೊಂದು ತಿಂಗಳ ತುಕ್ಕು. ಮೂರನೆಯ ಸಾಲಿಗೆ ಸರಿಹೋಯಿತು.

ಮನಿಯಾರ್ಡರು ಬಂದದ್ದು ದೀಪಾವಳಿ ಕಳೆದ ಮೇಲೆ. ದೊಡ್ಡ ಮೊತ್ತವಲ್ಲ. ಗಂಡ ಮಾತ್ರ ನಂಬಲಿಲ್ಲ. "ರಾಯಲ್ಟಿ ಅಂತ ಮನಿಗೆ ರೊಕ್ಕ ಬಂದಿದ್ದು ನಾ ಎಲ್ಲೂ ಕೇಳಿಲ್ಲ. ತಿರುಗಿ ಕೇಳಿದ್ರ? ಎತ್ತಿ ಇಡು" ಎಂದರು. ನನಗೂ ಒಳಗೆ ಅದೇ ಅನ್ನಿಸುತ್ತಿತ್ತು, ಹೇಳುವ ಧೈರ್ಯವಾಗಲಿಲ್ಲ. ಚಿಗವ್ವ ಅದರಲ್ಲಿ ಒಂದು ರೆಕಾರ್ಡ್ ಪ್ಲೇಯರಿಗೆ ಮುಂಗಡ ಕೊಟ್ಟು ಬಂದಳು. ತನ್ನ ದನಿಯನ್ನು ಅವಳು ಅದುವರೆಗೆ ಮನೆಯಲ್ಲಿ ಕೇಳಿರಲೇ ಇಲ್ಲ.

ಆಮೇಲೆಯೂ ಮದರಾಸಿನಿಂದ ಕಾಗದಗಳು ಬರುತ್ತಿದ್ದವು. ಅವಳು ಅವನ್ನು ಊರಿನ ಸಾಲಿ ಮಾಸ್ತರರ ಹತ್ತಿರ ಓದಿಸಿಕೊಳ್ಳತೊಡಗಿದಳು. ನನಗೆ ತೋರಿಸುತ್ತಿರಲಿಲ್ಲ, ನಾನಾಗಿ ಕೇಳುವ ಮುಖವೂ ಇರಲಿಲ್ಲ. ಆ ಮಾಸ್ತರರು ಕಲಿಸುತ್ತಿದ್ದದ್ದು ಗಣಿತ. ಇಂಗ್ಲಿಷ್ ಅವರಿಗೆ ಎಷ್ಟು ಬರುತ್ತಿತ್ತೋ, ಏನೆಂದು ಓದಿ ಹೇಳುತ್ತಿದ್ದರೋ.