ಮಗ್ಗದ ಗುಂಡಿಗಿಳಿದ ಅಮೆರಿಕದ ಪ್ರಾಣಿ

ನಾನು ಚಿಕ್ಕವನಿದ್ದಾಗ, ಪುಸ್ತಕದಲ್ಲಿ ಅಚ್ಚಾದ ಮಾತು ಸುಳ್ಳಾಗುವುದಿಲ್ಲವೆಂದು ಲೋಕವೆಲ್ಲ ನಂಬಿತ್ತು. ಲೋಕವೆಂದರೆ ಹಿಂದೂಪುರದ ನಮ್ಮ ಬೀದಿ. ಪುಸ್ತಕವೆಂದರೆ, ಪಂಚಾಂಗವೊಂದನ್ನು ಬಿಟ್ಟರೆ, ನಮ್ಮ ಮನೆಯಲ್ಲಿದ್ದ ಒಂದೇ ಒಂದು ಪುಸ್ತಕ.

ಅದು ಅಕ್ಕನಿಗೆ ಶಾಲೆಯಲ್ಲಿ ದುಂಡಗೆ ಬರೆದದ್ದಕ್ಕೆ ಬಹುಮಾನವಾಗಿ ಬಂದದ್ದು. ರಟ್ಟು ಎಂದೋ ಕಿತ್ತುಹೋಗಿದ್ದರಿಂದ ಅದರ ಹೆಸರೇನು, ಬರೆದವರು ಯಾರು ಎಂಬುದು ನಮಗೆ ತಿಳಿಯದು. ಪುಟಕ್ಕೊಂದು ಪ್ರಾಣಿ, ಪ್ರಾಣಿಯ ಕೆಳಗೆ ನಾಲ್ಕಾರು ಸಾಲು. ದೀಪದ ಗೂಡಿನಲ್ಲಿ ಇಡುತ್ತಿದ್ದುದರಿಂದ ಹುಲಿಯಿಂದ ಹಿಡಿದು ತಿಮಿಂಗಿಲದವರೆಗೆ ಎಲ್ಲಕ್ಕೂ ಸೀಮೆಎಣ್ಣೆಯ ವಾಸನೆ. ಕಾಂಗರೂವಿನ ಪುಟ ಅರ್ಧ ಹರಿದಿತ್ತು. ಹಾಗಾಗಿ ಕಾಂಗರೂ ಎಂದರೆ ಬರೀ ಕಾಲು ಮತ್ತು ಬಾಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಅಂದು ಅಮಾವಾಸ್ಯೆ. ನೇಯುವವರ ಮನೆಯಲ್ಲಿ ಅಮಾವಾಸ್ಯೆಯಂದು ಮಗ್ಗಕ್ಕೆ ರಜೆ. ನಮ್ಮ ಮನೆಯಲ್ಲಂತೂ ಈ ರಜೆ ಬಲು ಕಟ್ಟುನಿಟ್ಟು. ಲಾಳಿ ಮುಟ್ಟುವಂತಿಲ್ಲ, ಎಳೆ ಮುಟ್ಟುವಂತಿಲ್ಲ, ಗುಂಡಿಗಂತೂ ಕಾಲಿಡುವಂತೆಯೇ ಇಲ್ಲ. ಗುಂಡಿ ಯಾವುದೆಂದು ನಿಮಗೆ ಹೇಳಬೇಕು. ನಮ್ಮದು ಗುಂಡಿಮಗ್ಗ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಆಳದ ಗುಂಡಿ ಇರುತ್ತಿತ್ತು. ಅಪ್ಪ ಅದರ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಿದ್ದರು. ಗುಂಡಿಯ ಮೇಲೆ ರೇಷ್ಮೆಯ ಎಳೆಗಳು ಕೋಣೆಯ ಆ ತುದಿಯವರೆಗೆ ಬಿಗಿಯಾಗಿ ಚಾಚಿಕೊಂಡಿರುತ್ತಿದ್ದವು. ಬೆರಳು ಆಡಿಸಿದರೆ ತಂಬೂರಿಯ ಹಾಗೆ ಮಿಡಿಯುತ್ತಿದ್ದವು. ಆಡಿಸಿದ ಬೆರಳಿಗೆ ಅಪ್ಪನಿಂದ ಏಟೂ ಬೀಳುತ್ತಿತ್ತು.

ಆಗ ಮಗ್ಗದ ಮೇಲಿದ್ದದ್ದು ಅಕ್ಕನ ಧಾರೆ ಸೀರೆ. ಕುಂಕುಮದ ಬಣ್ಣ, ಅಂಚಿನಲ್ಲಿ ಜರಿಯ ಗೋಪುರ. ಅಪ್ಪ ಅಷ್ಟು ವರ್ಷ ನೇಯ್ದ ಸೀರೆಗಳೆಲ್ಲ ಯಾರು ಯಾರದೋ ಮದುವೆಗೆ ಹೋಗಿದ್ದವು. ನಮ್ಮ ಮನೆಯಲ್ಲೇ ಉಳಿಯಲಿದ್ದ ಮೊದಲ ಸೀರೆ ಇದು. ಮುಂದಿನ ತಿಂಗಳು ಕಲ್ಯಾಣದುರ್ಗದಿಂದ ಗಂಡಿನ ಕಡೆಯವರು ಮದುವೆಗೆ ಬರುವವರಿದ್ದರು. ಇನ್ನೊಂದು ಸೀರೆಗಾಗುವಷ್ಟು ರೇಷ್ಮೆ ಮನೆಯಲ್ಲಿ ಇರಲಿಲ್ಲ.

ಬೆಳಗ್ಗೆ ಅಮ್ಮ ಮಗ್ಗಕ್ಕೆ ಏರಿಸಲು ಕಣಗಿಲೆ ಹೂ ಕೊಟ್ಟು ನನ್ನನ್ನು ಕಳಿಸಿದರು. ಮಗ್ಗದ ಕೋಣೆಯ ಮಣ್ಣಿನ ಗೋಡೆ ತಣ್ಣಗಿತ್ತು. ಹಿತ್ತಿಲ ಬಾಗಿಲು ಒಂದು ಗೇಣು ತೆರೆದುಕೊಂಡಿತ್ತು. ಹೂವಿಟ್ಟು, ಸುಮ್ಮನೆ ಗುಂಡಿಯೊಳಗೆ ಬಗ್ಗಿ ನೋಡಿದೆ. ತುಳಿಯುವ ಹಲಗೆಗಳ ಪಕ್ಕದಲ್ಲಿ ದೊಡ್ಡದೊಂದು ಉಂಡೆ ಇತ್ತು. ಹೆಂಚುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದಂಥ ಉಂಡೆ. ಯಾರೋ ಇಲ್ಲಿ ಹಲಸಿನಹಣ್ಣು ಬಚ್ಚಿಟ್ಟಿದ್ದಾರೆ ಎಂದುಕೊಂಡು ನನಗೆ ಸಂತೋಷವೂ ಆಯಿತು. ಅಷ್ಟರಲ್ಲಿ ಹಲಸಿನಹಣ್ಣು ಉಸಿರಾಡಿತು.

ನಾನು ಕೂಗಿದ ಕೂಗಿಗೆ ಅಪ್ಪ, ಅಮ್ಮ, ಅಕ್ಕ ಎಲ್ಲರೂ ಬಂದರು. ಪಕ್ಕದ ಮನೆಯಿಂದ ದೊಡ್ಡಪ್ಪ ಹಾರೆ ಹಿಡಿದೇ ಬಂದರು. ದೊಡ್ಡಪ್ಪ ಅಪ್ಪನ ಅಣ್ಣ. ಅವರಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇರಲಿಲ್ಲ. ಅಂಥದ್ದು ಎದುರಾದರೆ ತೆಲುಗಿಗೆ ತಿರುಗುತ್ತಿದ್ದರು.

“ಇದೇಮಿರಾ ನಾಯನಾ!” ಎಂದರು ದೊಡ್ಡಪ್ಪ, ಗುಂಡಿಯೊಳಗೆ ನೋಡಿ.

ಅಮ್ಮ ರೊದ್ದಂ ಕಡೆಯವರು. “ನಮ್ಮೂರ ಗುಡ್ಡದಾಗೆ ಅಲುಗು ಅಂತ ಒಂದು ಅದೆ ಅಂತಿದ್ರು ನಮ್ಮಪ್ಪ. ಅದೇ ಇರ್ಬೋದು” ಎಂದರು. ಮತ್ತೆ ತಾವೇ ಬಗ್ಗಿ ನೋಡಿ, “ಇಲ್ಲ ಬುಡಿ. ಅಲುಗು ಎಮ್ಮೆಕರು ಅಷ್ಟಿರ್ತದೆ ಅಂತಿದ್ರು. ಇದು ಬರೀ ಕುಂಬಳಕಾಯಿ ಅಷ್ಟದೆ” ಎಂದು ಮಾತು ವಾಪಸು ತೆಗೆದುಕೊಂಡರು.

ಆಗ ಅಕ್ಕ ಓಡಿಹೋಗಿ ಪುಸ್ತಕ ತಂದಳು. ಗುಂಡಿಯ ಪಕ್ಕ ನಿಂತು ಪುಟ ತಿರುವಿ, ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಆರ್ಮಡಿಲೊ! ಅಕ್ಕ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಓದಿದಳು: ಇದರ ಮೈಯೆಲ್ಲ ಗಟ್ಟಿಯಾದ ಕವಚ. ಇರುವೆ, ಗೆದ್ದಲು ಇದರ ಆಹಾರ. ಕೆಲವು ಹೆದರಿದರೆ ಉಂಡೆಯಾಗುತ್ತವೆ. ಕೆಲವು ಬೆಚ್ಚಿಬಿದ್ದರೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತವೆ. ಇದು ಅಮೆರಿಕ ಖಂಡದ ಪ್ರಾಣಿ.

ಅಮೆರಿಕದ ಪ್ರಾಣಿಯೆಂದ ಮೇಲೆ ಎಲ್ಲರೂ ಇನ್ನೊಮ್ಮೆ, ಸ್ವಲ್ಪ ಮರ್ಯಾದೆಯಿಂದ, ಗುಂಡಿಯೊಳಗೆ ಬಗ್ಗಿ ನೋಡಿದೆವು.

“ಚಿತ್ರದಾಗೆ ಕತ್ತೆ ಕಿವಿ ಇದ್ದಂಗೈತೆ. ಇದಕ್ಕೆ ಕಿವೀನೇ ಇಲ್ವಲ್ಲ?” ಎಂದರು ಅಪ್ಪ.

“ಒಳಕ್ಕೆ ಮಡಚ್ಕಂಡಿರ್ತದೆ ಕಣ್ಲಾ” ಎಂದರು ದೊಡ್ಡಪ್ಪ.

“ಅಷ್ಟು ದೂರದಿಂದ ಹೆಂಗ್ ಬಂತು ಭಾವ?” ಎಂದರು ಅಮ್ಮ.

ದೊಡ್ಡಪ್ಪ ನನ್ನ ಕಡೆ ಕೈತೋರಿಸಿದರು. “ಇವನ ಇಸ್ಕೂಲಿನಾಗೆ ಮಧ್ಯಾಹ್ನ ಉಪ್ಪಿಟ್ಟು ಹಾಕ್ತಾರಲ್ಲ, ಆ ಗೋಧಿ ನುಚ್ಚು ಎಲ್ಲೀದು? ಅಮೆರಿಕಾದ್ದು. ಮೂಟೆ ಜತೆ ಇದೂ ಬಂದ್ಬುಟ್ಟದೆ. ಹಡಗಿನಾಗೆ ಮದ್ರಾಸು, ಅಲ್ಲಿಂದ ರೈಲು.”

ನಮ್ಮ ಶಾಲೆಯ ಉಪ್ಪಿಟ್ಟಿನಲ್ಲಿ ನಾನು ಹುಳು ಕಂಡಿದ್ದೆ, ಕಲ್ಲು ಕಂಡಿದ್ದೆ. ಹಾಗಾಗಿ ಈ ವಾದದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಊರು ಗೊತ್ತಾಯಿತು, ಇನ್ನು ಅದನ್ನು ಹೊರಗೆ ಹಾಕುವುದು ಹೇಗೆ? ಅಮಾವಾಸ್ಯೆ, ಯಾರೂ ಗುಂಡಿಗೆ ಇಳಿಯುವಂತಿಲ್ಲ. ದೊಡ್ಡಪ್ಪ ಹಾರೆ ಎತ್ತಿದರು. “ಇಳಿಯೋದ್ಯಾಕೆ? ಮೇಲಿಂದಲೇ ಒಂದು ಬುಟ್ರೆ ಮುಗೀತು.”

ಅಕ್ಕ ಅಡ್ಡ ನಿಂತಳು. “ಬ್ಯಾಡ ದೊಡ್ಡಪ್ಪ! ಬೆಚ್ಚಿದ್ರೆ ನೆಟ್ಟಗೆ ನೆಗೀತದೆ ಅಂತ ಬರೆದವ್ರೆ. ಮ್ಯಾಲೆ ಏನೈತೆ ನೋಡಿ.”

ಮೇಲೆ ಕುಂಕುಮದ ಬಣ್ಣದ ಎಳೆಗಳಿದ್ದವು. ಎಲ್ಲರೂ ಅವನ್ನು ನೋಡಿದೆವು. ಆ ಕವಚ ಹೊತ್ತ ಉಂಡೆ ಕೆಳಗಿನಿಂದ ನೆಗೆದು ಬಂದರೆ ಅಕ್ಕನ ಮದುವೆ ಸೀರೆಯ ಗತಿ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡಪ್ಪ ಹಾರೆಯನ್ನು ಮೆಲ್ಲಗೆ, ಸದ್ದಾಗದಂತೆ ನೆಲಕ್ಕೆ ಇಳಿಸಿದರು.

ಆ ಕ್ಷಣದಿಂದ ನಮ್ಮ ಮನೆಯಲ್ಲಿ ಪಿಸುಮಾತಿನ ಆಡಳಿತ ಜಾರಿಗೆ ಬಂತು. ಅಮ್ಮ ಪಾತ್ರೆ ತೊಳೆಯಲು ಹಿತ್ತಿಲ ಆಚೆಗೆ ಹೋದರು. ಒಗ್ಗರಣೆಯ ಸಾಸಿವೆ ಸಿಡಿಯಬಾರದೆಂದು ಅಂದು ಸಾರಿಗೆ ಒಗ್ಗರಣೆಯೇ ಬೀಳಲಿಲ್ಲ. ಅಪ್ಪ ಕೆಮ್ಮು ಬಂದಾಗಲೆಲ್ಲ ಬೀದಿಗೆ ಓಡಿ, ಕೆಮ್ಮಿ, ವಾಪಸು ಬರುತ್ತಿದ್ದರು. ಬೀದಿಯವರು ಕಿಟಕಿಯಲ್ಲಿ ಬಗ್ಗಿ ನೋಡಿ, ಪಿಸುಮಾತಿನಲ್ಲೇ ಪ್ರಶ್ನೆ ಕೇಳಿ ಹೋದರು. ಅಮೆರಿಕದ್ದು ಎಂದು ನಾವೂ ಪಿಸುಮಾತಿನಲ್ಲೇ ಉತ್ತರ ಕೊಟ್ಟೆವು.

ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಉಪಾಯ ಹೊಳೆಯಿತು. ಗೆದ್ದಲು ಅದರ ಆಹಾರವಲ್ಲವೇ? ಗೆದ್ದಲು ತಂದು ಗುಂಡಿಯ ಅಂಚಿನಲ್ಲಿಟ್ಟರೆ ತಾನಾಗಿ ಮೇಲೆ ಬರುತ್ತದೆ. ನಾನು ಅಮ್ಮನ ಮೊರ ಹಿಡಿದು ಊರಾಚೆಯ ಬಂಡೆಗುಡ್ಡಕ್ಕೆ ಹೋಗಿ, ಹುತ್ತದ ಮಣ್ಣು ಒಡೆದು, ಬಿಳಿ ಗೆದ್ದಲು ಬುಳುಬುಳು ಎನ್ನುವ ಹೆಂಟೆಗಳನ್ನು ತಂದೆ. ಹಸಿ ಮಣ್ಣಿನ ವಾಸನೆ, ಕೈಯೆಲ್ಲ ಕಚ್ಚಿಸಿಕೊಂಡ ಉರಿ. ದೊಡ್ಡ ಸಾಹಸ ಮಾಡಿದವನಂತೆ ಮೊರವನ್ನು ಗುಂಡಿಯ ಅಂಚಿನಲ್ಲಿಟ್ಟೆ.

ಅಮೆರಿಕದ ಅತಿಥಿ ಅಲುಗಾಡಲಿಲ್ಲ. ಗೆದ್ದಲುಗಳು ಮಾತ್ರ ಮೊರದಿಂದಿಳಿದು ಮಗ್ಗದ ಮರದ ಕಡೆ ಸಾಲುಗಟ್ಟಿ ಹೊರಟವು. ಅಪ್ಪ ಬಂದು ನೋಡಿದರು. ಅವರ ಕಣ್ಣು ದೊಡ್ಡದಾಯಿತು.

“ಮಗ್ಗದ ಮನೆಗೆ ಗೆದ್ದಲು ತಂದ್ಯೇನ್ಲಾ!” ಎಂದು ಕೂಗಿದರು. ಪಿಸುಮಾತಿನಲ್ಲಿ ಕೂಗುವುದನ್ನು ನಾನು ಕಂಡದ್ದು ಅದೊಂದೇ ಸಲ.

ಅಮ್ಮ ಗೆದ್ದಲು ತಿನ್ನಿಸಲು ಕೋಳಿ ಹಿಡಿದು ತಂದರು. ಕೋಳಿ ನಾಲ್ಕು ಗೆದ್ದಲು ತಿಂದು, ಐದನೆಯದಕ್ಕೆ ಸಂತೋಷದಿಂದ ಕೊಕ್ಕೊಕ್ಕೊ ಎಂದು ಶುರುಮಾಡಿತು. ಅಕ್ಕ ಅದರ ಕೊಕ್ಕು ಹಿಡಿದುಕೊಂಡು ಹೊರಗೆ ಓಡಿದಳು. ಕೊನೆಗೆ ನಾವೆಲ್ಲ ಮಂಡಿಯೂರಿ, ಉಳಿದ ಗೆದ್ದಲುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದೆವು. ಅಮಾವಾಸ್ಯೆಯ ರಜೆಯನ್ನು ನಮ್ಮ ಮನೆಯಲ್ಲಿ ಕಳೆದದ್ದು ಹೀಗೆ.

ಸಂಜೆಯಾಯಿತು. ದೊಡ್ಡಪ್ಪ ಹಾರೆಯನ್ನು ಮಡಿಲಲ್ಲಿಟ್ಟುಕೊಂಡು ಮಗ್ಗದ ಪಕ್ಕದಲ್ಲೇ ಕಾವಲು ಕುಳಿತಿದ್ದರು. ಕಾವಲು ಎಂದು ಅವರು ಹೇಳುತ್ತಿದ್ದರು. ಗೊರಕೆ ಬೇರೆಯೇ ಹೇಳುತ್ತಿತ್ತು. ಅಮ್ಮ ಗೂಡಿನಲ್ಲಿ ದೀಪ ಹಚ್ಚಿದರು. ನಾನು, ಅಕ್ಕ ಬಾಗಿಲಲ್ಲಿ ನಿಂತಿದ್ದೆವು.

ಗುಂಡಿಯೊಳಗೆ ಒಣಗರಿ ಸರಿದಂಥ ಸದ್ದಾಯಿತು. ಉಂಡೆ ಬಿಚ್ಚಿಕೊಂಡಿತು. ಮೊದಲು ಉದ್ದನೆಯ ಮೂತಿ, ಆಮೇಲೆ ಮೆಣಸಿನಕಾಳಿನಂಥ ಕಣ್ಣು, ಆಮೇಲೆ ಮೈಯಷ್ಟೇ ಉದ್ದದ ಬಾಲ. ಉಗುರುಗಳನ್ನು ಗುಂಡಿಯ ಮಣ್ಣಿಗೆ ನಾಟಿ, ಅಪ್ಪ ಕಾಲು ಇಳಿಬಿಡುವ ಸಂದಿಯಿಂದಲೇ, ಒಂದು ಎಳೆಯನ್ನೂ ಸೋಕದೆ ಮೇಲೆ ಬಂತು. ಬಂದು, ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ಎದೆಗೆ ಜೋಡಿಸಿತು. ಮನೆಗೆ ಬಂದ ನೆಂಟರು ಹೊರಡುವಾಗ ‘ಬತ್ತೀವಿ’ ಎನ್ನುತ್ತಾರಲ್ಲ, ಹಾಗಿತ್ತು. ಅದು ನಿಂತದ್ದು ಸರಿಯಾಗಿ ದೊಡ್ಡಪ್ಪನ ಮುಖದ ಮುಂದೆ.

ದೊಡ್ಡಪ್ಪ ಕಣ್ಣು ಬಿಟ್ಟರು. ಬೆಚ್ಚಿಬಿದ್ದರೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತಷ್ಟೆ? ದೊಡ್ಡಪ್ಪ ಕುಳಿತಲ್ಲಿಂದಲೇ ನೆಟ್ಟಗೆ ಮೇಲಕ್ಕೆ ನೆಗೆದರು. ಇಳಿಯುವಾಗ ಅವರ ಬಲಗಾಲು ರೇಷ್ಮೆಯ ಹಾಸಿನ ನಡುವೆ ತೂರಿ, ಅಮಾವಾಸ್ಯೆಯ ದಿನ, ಮಗ್ಗದ ಗುಂಡಿಯೊಳಗೆ ನಿಂತಿತು. ಎಳೆಗಳು ಚಟಚಟನೆ ಹರಿದ ಸದ್ದು ಕೇಳಿತು.

ಆ ಪ್ರಾಣಿ ದೊಡ್ಡಪ್ಪನನ್ನು ಒಮ್ಮೆ ನೋಡಿತು. ನಿಧಾನವಾಗಿ ನಡೆದು, ಗೋಡೆಯ ಬುಡದ ಬಿರುಕಿಗೆ ನಾಲಿಗೆ ಹಾಕಿ, ಅಲ್ಲಿದ್ದ ನಮ್ಮದೇ ಮನೆಯ ಗೆದ್ದಲನ್ನು ನೆಕ್ಕಿ, ಹಿತ್ತಿಲ ಬಾಗಿಲ ಸಂದಿಯಿಂದ ಗುಡ್ಡದ ಕಡೆಗೆ ಹೋಯಿತು. ಅದು ನಮ್ಮ ಮನೆಗೆ ಯಾಕೆ ಬಂದಿತ್ತೆಂದು ನಮಗೆ ಹೊಳೆದದ್ದು ಆಗ. ಗುಡ್ಡದಿಂದ ಗೆದ್ದಲು ಹೊತ್ತು ತರುವ ಅಗತ್ಯವೇ ಇರಲಿಲ್ಲ.

ದೊಡ್ಡಪ್ಪ ಕಾಲು ಎತ್ತಲೂ ಹೆದರಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತಿದ್ದರು. “ಲೇ ತಮ್ಮಾ, ನಾನೇ ಕೆಡಿಸ್ಬುಟ್ನಲ್ಲೋ” ಎಂದರು. ಆ ದನಿಯಲ್ಲಿ ತೆಲುಗು ಇರಲಿಲ್ಲ, ಜಂಬವೂ ಇರಲಿಲ್ಲ.

ಅಪ್ಪ ಅಣ್ಣನ ಕಾಲಿನ ಸುತ್ತಲ ಎಳೆಗಳನ್ನು ಕಣ್ಣಲ್ಲೇ ಬಿಡಿಸುತ್ತಾ ಪಕ್ಕದಲ್ಲಿ ಕುಳಿತರು. ಅಂದು ಮುಟ್ಟುವಂತಿರಲಿಲ್ಲ. ಅಕ್ಕ ಬಂದು ಅವರ ಹಿಂದೆ ನಿಂತಳು.

“ಉಟ್ರೆ ಕಾಣ್ತದಾ ಅಪ್ಪ?”

ಅಪ್ಪ ಸೀರೆಯ ಉದ್ದವನ್ನು ಮನಸ್ಸಿನಲ್ಲೇ ಅಳೆದರು. “ನೆರಿಗೆ ಒಳಕ್ಕೆ ಹೋಯ್ತದೆ ಕಣಮ್ಮ. ಕಾಣಾಕಿಲ್ಲ.”

ಅಕ್ಕ ತಲೆಯಾಡಿಸಿದಳು. ಆಮೇಲೆ ದೊಡ್ಡಪ್ಪನ ಕಾಲು ನೋಡಿದಳು, ಅವರ ಮುಖ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗಿನಿಂದ ಪಿಸುಗುಟ್ಟುತ್ತಿದ್ದ ಮನೆಯಲ್ಲಿ ಮೊದಲು ಜೋರಾಗಿ ನಕ್ಕವಳು ಅವಳೇ.

ಮಕ್ಕಳೇ, ಈ ಕತೆಯನ್ನು ಮೊನ್ನೆ ನನ್ನ ಮೊಮ್ಮಗಳಿಗೆ ಹೇಳಿದೆ. ಅವಳ ಕಪಾಟಿನಲ್ಲಿ ಪ್ರಾಣಿಗಳದ್ದೇ ಒಂದು ಸಾಲು ಪುಸ್ತಕ ಇದೆ. ಎಲ್ಲಕ್ಕೂ ರಟ್ಟಿದೆ, ಕಾಂಗರೂಗಳಿಗೆ ತಲೆಯಿದೆ. ಒಂದರಲ್ಲಿ ಆರ್ಮಡಿಲೊ ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತದೆ. ಅವಳು ಆ ಪುಟ ತೋರಿಸಿ, ಫೋನಿನಲ್ಲಿ ಇನ್ನೊಂದು ಚಿತ್ರ ತೆರೆದು ಪಕ್ಕದಲ್ಲಿಟ್ಟು, “ತಾತ, ನಿಮ್ಮನೆಗೆ ಬಂದಿದ್ದು ಇದು, ಚಿಪ್ಪುಹಂದಿ. ಆರ್ಮಡಿಲೊ ಅಲ್ವೇ ಅಲ್ಲ. ಇದು ನಮ್ಮ ದೇಶದ್ದೇ. ಅಷ್ಟೂ ಗೊತ್ತಿರ್ಲಿಲ್ವಾ?” ಎಂದಳು.

ಗೊತ್ತಿರಲಿಲ್ಲ. ಅಮ್ಮ ಹೇಳಿ ಮತ್ತೆ ಬಿಟ್ಟುಬಿಟ್ಟ ಅಲುಗು ಇದೇ ಎಂಬುದೂ ಗೊತ್ತಿರಲಿಲ್ಲ. ಪುಸ್ತಕ ತಪ್ಪಿರಲಿಲ್ಲ, ನಾವು ಪುಟ ತಪ್ಪಿದ್ದೆವು. ಆದರೆ ಸರಿಯಾದ ಪುಟ ಸಿಕ್ಕಿ, ಅದು ನೆಗೆಯುವುದಿಲ್ಲವೆಂದು ತಿಳಿದಿದ್ದರೆ, ದೊಡ್ಡಪ್ಪನ ಹಾರೆ ಬೆಳಗ್ಗೆಯೇ ಅದರ ಮೇಲೆ ಬೀಳುತ್ತಿತ್ತು; ಆ ಪ್ರಾಣಿ ಗುಡ್ಡಕ್ಕೆ ಹಿಂದಿರುಗುತ್ತಿರಲಿಲ್ಲ. ಹೀಗಿರುವಾಗ ತಿಳಿದುಕೊಳ್ಳುವುದು ಒಳ್ಳೆಯದೋ ಅಲ್ಲವೋ ಎಂದು ಅವಳು ಕೇಳಿದರೆ ಏನು ಹೇಳಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಅದೃಷ್ಟಕ್ಕೆ ಅವಳು ಬೇರೆಯೇ ಕೇಳಿದಳು: “ಆ ಗುಡ್ಡಕ್ಕೆ ಕರ್ಕೊಂಡು ಹೋಗ್ತೀಯಾ? ನಾನೂ ನೋಡ್ಬೇಕು.” ಗುಡ್ಡವಿದ್ದ ಕಡೆ ಈಗ ಸೈಟುಗಳಾಗಿವೆ. ಅವಳಿಗೆ ಅದರ ಹೆಸರು, ಊಟ, ಉಗುರಿನ ಉದ್ದ ಎಲ್ಲ ಬಾಯಿಪಾಠ, ಕಣ್ಣಾರೆ ಕಂಡಿಲ್ಲ.

ಆ ಅಮಾವಾಸ್ಯೆಯ ಮರುದಿನ ಅಪ್ಪ ಹರಿದ ಎಳೆಗಳನ್ನೆಲ್ಲ ಗಂಟು ಹಾಕಿ ಸೇರಿಸಿದರು. ಅಕ್ಕ ಆ ಸೀರೆಯನ್ನೇ ಉಟ್ಟು ಧಾರೆಗೆ ನಿಂತಳು. ಅದು ಈಗಲೂ ಕಲ್ಯಾಣದುರ್ಗದಲ್ಲಿ ಅವಳ ಪೆಟ್ಟಿಗೆಯಲ್ಲಿದೆ. ನೆರಿಗೆ ಬಿಚ್ಚಿದರೆ, ದೊಡ್ಡಪ್ಪನ ಪಾದದಷ್ಟು ಅಗಲಕ್ಕೆ ಗಂಟುಗಳಿವೆ.