ನೆವಿಲ್ ಟ್ರಾಂಟರ್ ಬೀಗ ಹಾಕಿಟ್ಟ ಬೈಕು

ನೆವಿಲ್ ಟ್ರಾಂಟರ್‌ನಷ್ಟು ಅನುಮಾನದ ಮನುಷ್ಯ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಬೀದಿಗಳಲ್ಲಿ ಇನ್ನೊಬ್ಬನಿರಲಿಲ್ಲ. ಗ್ಯಾಸ್ ಮೀಟರು ಓದುವವನು ಬರುವ ಮೊದಲೇ ತಾನು ಓದಿಕೊಂಡು ಬಾಗಿಲ ಬಳಿ ನಿಂತಿರುತ್ತಿದ್ದ. ಕಟುಕ ಮಾಂಸ ತೂಗುವಾಗ ತಕ್ಕಡಿಯ ಮುಳ್ಳನ್ನು ಬಿಟ್ಟು ಕಟುಕನ ಹೆಬ್ಬೆರಳನ್ನೇ ನೋಡುತ್ತಿದ್ದ. ಪಕ್ಕದ ಮನೆಯವರಾದ ನಾವು ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಅನ್ನುತ್ತಿದ್ದ, ನಗದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುತ್ತಿದ್ದ. ಇಂಥವನ ಜೊತೆ ಇಷ್ಟು ವರ್ಷ ಬಾಳಿದ ಹೆಂಡತಿ ಐರಿಸ್‌ಗೆ ಬೀದಿಯವರೆಲ್ಲ ಸೇರಿ ಒಂದು ಪದಕ ಮಾಡಿಸಿ ಕೊಡಬೇಕಿತ್ತು.

ಮನೆಯ ಹಿಂದೆ, ಕಲ್ಲಿದ್ದಲು ಕೋಣೆಗೆ ಒತ್ತಿಕೊಂಡು, ಒಂದು ತಗಡಿನ ಶೆಡ್ಡಿತ್ತು. ಅದಕ್ಕೆ ಮೊದಲು ಒಂದು ಬೀಗವಿತ್ತು, ಆಮೇಲೆ ಎರಡಾಯಿತು. ಒಳಗೆ ಇದ್ದದ್ದು ಚಿನ್ನವಲ್ಲ. ಟಾರ್ಪಾಲಿನ ಕೆಳಗೆ ತುಕ್ಕು ತಿನ್ನುತ್ತ ನಿಂತಿದ್ದ ಹಳೆಯ ನಾರ್ಟನ್ ಬೈಕು. ನೆವಿಲ್ ಅದನ್ನು ಬೈಕು ಎಂದು ಕರೆಯುತ್ತಲೇ ಇರಲಿಲ್ಲ. ‘ಸಾಕ್ಷಿ’ ಎನ್ನುತ್ತಿದ್ದ.

ಸಾಕ್ಷಿ ಯಾರ ವಿರುದ್ಧ? ಐರಿಸ್‌ಳ ಅಣ್ಣ ವಿಲ್ಫ್ ಆಸ್ಕಿಯ ವಿರುದ್ಧ.

ಅರವತ್ತರ ದಶಕದ ಮೊದಲಿಗೆ ಇವರಿಬ್ಬರೂ ಒಂದೇ ಬೈಕ್ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಬೆಂಚಿನವರು. ಭಾನುವಾರ ಬಂದರೆ ಕವೆಂಟ್ರಿ ರಸ್ತೆಯ ಲಾರಿ ಡ್ರೈವರುಗಳ ಕೆಫೆಯಲ್ಲಿ ಹುಡುಗರ ಜಾತ್ರೆ. ಕರಿದ ಮೊಟ್ಟೆ, ಕಡುಕಪ್ಪು ಚಹಾ, ತಲೆಗೆ ಬಳಿದ ಎಣ್ಣೆ, ತೊಗಲಿನ ಕೋಟು. ಹಾಡಿನ ಪೆಟ್ಟಿಗೆಗೆ ಯಾರಾದರೊಬ್ಬ ಕಾಸು ಹಾಕಿ ಹಾಡು ಶುರುವಾದ ಕೂಡಲೇ ಓಡಿಬಂದು ಬೈಕು ಹತ್ತಬೇಕು. ಮುಂದಿನ ವೃತ್ತ ಸುತ್ತಿ, ಹಾಡು ಮುಗಿಯುವುದರೊಳಗೆ ಅಂಗಳಕ್ಕೆ ವಾಪಸಾಗಬೇಕು. ಅದಕ್ಕಾಗಿಯೇ ಅಂಗಡಿಯ ಬೈಕನ್ನು ಬಿಚ್ಚಿ ಬೇರೆಯದೇ ಮಾಡಿಕೊಳ್ಳುತ್ತಿದ್ದರು. ಹ್ಯಾಂಡಲ್ ತಗ್ಗಿಸುವುದು, ಮಡ್‌ಗಾರ್ಡು ಕತ್ತರಿಸುವುದು, ಒಬ್ಬನಿಗಷ್ಟೇ ಜಾಗವಿರುವ ಸೀಟು ಕೂರಿಸುವುದು, ಮೈ ಚಾಚಿ ಮಲಗಿ ಓಡಿಸಲು ಅನುಕೂಲವಾಗಲಿ ಎಂದು ಕಾಲಿಡುವ ಕಂಬಿಗಳನ್ನು ಹಿಂದಕ್ಕೆ ಸರಿಸುವುದು. ಕೆಫೆ ರೇಸರ್ ಎಂದು ಜನ ಹೆಸರಿಟ್ಟಿದ್ದು ಇಂಥ ಗಾಡಿಗಳಿಗೇ.

ಕಂಬಿ ಹಿಂದಕ್ಕೆ ಹೋದರೆ ಗೇರಿನ ಪೆಡಲಿಗೆ ಕಾಲು ಎಟುಕುವುದಿಲ್ಲ. ಆಗ ಎಲ್ಲರೂ ಮಾಡುತ್ತಿದ್ದದ್ದು ಒಂದೇ ಉಪಾಯ. ಪೆಡಲನ್ನು ಕಳಚಿ, ಹಿಮ್ಮುಖವಾಗಿ ತಿರುಗಿಸಿ ಹಾಕುವುದು. ಹಾಗೆ ಮಾಡಿದರೆ ಗೇರು ತಲೆಕೆಳಗಾಗುತ್ತದೆ. ಮೊದಲು ಮೇಲೆತ್ತಿದರೆ ಒಂದನೇ ಗೇರು, ಕೆಳಗೆ ಒತ್ತಿದರೆ ಎರಡನೆಯದು ಮತ್ತು ಅದರ ಮುಂದಿನವು ಬೀಳುತ್ತಿದ್ದವು; ಈಗ ಒಂದನೆಯದಕ್ಕೆ ಕೆಳಗೆ ಒತ್ತಬೇಕು, ಉಳಿದವಕ್ಕೆ ಮೇಲೆತ್ತಬೇಕು. ಹುಡುಗರು ವಾರಗಟ್ಟಲೆ ಕಾಲಿಗೆ ಹೊಸ ಪಾಠ ಕಲಿಸುತ್ತಿದ್ದರು. ನೆವಿಲ್‌ನ ಬೈಕಿಗೆ ಕಂಬಿ ಸರಿಸುವ ಕೆಲಸವನ್ನು ವಿಲ್ಫ್ ವಹಿಸಿಕೊಂಡಾಗ, ನೆವಿಲ್ ಅಮ್ಮನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಗಾಳಿಯಲ್ಲಿ ಬಲಗಾಲಾಡಿಸುತ್ತ ತಲೆಕೆಳಗಾದ ಗೇರು ಅಭ್ಯಾಸ ಮಾಡಿದ.

ಆ ಭಾನುವಾರ ವಿಲ್ಫ್ ಬೈಕನ್ನು ಕೆಫೆಯ ಅಂಗಳಕ್ಕೆ ತಂದು ಎಲ್ಲರೆದುರು ಒಪ್ಪಿಸಿದ. ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದ: “ಗೇರು ಹಳೇ ಥರಾನೇ ಇದೆ ಕಣೋ ನೆವ್. ಮೇಲೆತ್ತಿದ್ರೆ ಒಂದನೇದು. ಮರೀಬೇಡ!”

ನೆವಿಲ್ ನಂಬಲಿಲ್ಲ. ಕಂಬಿ ಸರಿಸಿದ ಮೇಲೆ ಗೇರು ಹಳೆಯ ಥರ ಇರುವುದುಂಟೇ? ಹುಡುಗರೆಲ್ಲ ಕಿಟಕಿಗೆ ಮುಖ ಹಚ್ಚಿ ನಿಂತಿದ್ದಾರೆ. ಇವರೆದುರು ತನ್ನನ್ನು ಮಂಗ ಮಾಡುವ ಹುನ್ನಾರ ಇದು. ಹೀಗೆಂದುಕೊಂಡು ಮನಸ್ಸಿನಲ್ಲೇ ನಕ್ಕು, ಪೆಡಲನ್ನು ಕೆಳಗೆ ಒತ್ತಿದ. ಬೈಕು ಒಮ್ಮೆ ಮುಗ್ಗರಿಸಿದ ಹಾಗಾಗಿ, ಚೇತರಿಸಿಕೊಂಡು ನುಗ್ಗಿತು. ರಸ್ತೆಗಿಳಿದು ವೇಗ ಹಿಡಿದ ಮೇಲೆ ಎರಡನೇ ಗೇರಿಗೆಂದು ಮೇಲೆತ್ತಿದ. ಹಿಂದಿನ ಚಕ್ರ ಕಿರುಚಿ ಹಿಡಿದುಕೊಂಡಿತು. ನೆವಿಲ್ ಹಾರಿ ದೀಪದ ಕಂಬಕ್ಕೆ ಬಡಿದ.

ಬಲಗಾಲು ಉಳಿಯಿತು, ಆದರೆ ಮೊಣಕಾಲನ್ನು ಮತ್ತೆಂದೂ ಮಡಿಸಲಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವನು ಲೆಕ್ಕ ಹಾಕಿದ. ವಿಲ್ಫ್ ಸುಳ್ಳು ಹೇಳಿದ. ಆ ಸುಳ್ಳಿಗೆ ನಾನು ಬೀಳಲಿಲ್ಲ. ಆದರೂ ಚಕ್ರ ಹಿಡಿದುಕೊಂಡಿತು. ಅಂದಮೇಲೆ ಗೇರ್‌ಬಾಕ್ಸಿನೊಳಗೆ ಏನೋ ಕೈವಾಡ ನಡೆದಿದೆ. ಅದೇ ವಾರ ವಿಲ್ಫ್ ಟೋಪಿ ಕೈಯಲ್ಲಿ ಹಿಡಿದು ಬಂದು, “ಒಂದ್ ಸಲ ಬೈಕ್ ನೋಡೋಕೆ ಬಿಡು ನೆವ್, ಏನಾಯ್ತು ಅಂತ ನನಗೆ ಗೊತ್ತಾಗ್ಬೇಕು” ಎಂದು ಅಂಗಲಾಚಿದ. ಸಾಕ್ಷಿ ನಾಶ ಮಾಡಲು ಬಂದಿದ್ದಾನೆ ಎಂದು ನೆವಿಲ್‌ಗೆ ಖಾತ್ರಿಯಾಯಿತು. ಅಮ್ಮನಿಗೆ ಹೇಳಿ ಶೆಡ್ಡಿಗೆ ಬೀಗ ಜಡಿಸಿದ.

ಕಾಲಿಗೆ ಬಿಸಿನೀರಿನ ಶಾಖ ಕೊಡಲು ಬರುತ್ತಿದ್ದ ಐರಿಸ್‌ಳನ್ನೇ ಅವನು ಮದುವೆಯಾದ. ಅವಳಣ್ಣ ಮಾತ್ರ ಮದುವೆಗೂ ಬರಕೂಡದು, ಮನೆಗೂ ಬರಕೂಡದು. ಐರಿಸ್ ತಿಂಗಳಿಗೊಮ್ಮೆ ಬಸ್ಸು ಹಿಡಿದು ಅಣ್ಣನ ಮನೆಗೆ ಹೋಗಿಬರುತ್ತಿದ್ದಳು. ಕಟುಕನ ಹೆಬ್ಬೆರಳನ್ನು ಬಿಡದೆ ನೋಡುವ ಈ ಮಹಾಶಯ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಟಾರ್ಪಾಲು ಎತ್ತಿ ಗೇರ್‌ಬಾಕ್ಸನ್ನು ನೋಡಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಕೇಳಿದರೆ, “ಸಾಕ್ಷೀನ ಯಾರೂ ಮುಟ್ಟಬಾರದು, ನಾನೂ ಮುಟ್ಟಬಾರದು” ಎನ್ನುತ್ತಿದ್ದ.

ಕಾರ್ಖಾನೆ ಮುಚ್ಚಿತು. ತಲೆ ನೆರೆಯಿತು. ವಿಲ್ಫ್‌ನ ಹೆಂಡತಿ ತೀರಿಕೊಂಡಳು. ಮರುವಸಂತದಲ್ಲಿ ಒಂದು ಬೆಳಿಗ್ಗೆ ಐರಿಸ್ ಚಹಾದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಈ ಕ್ರಿಸ್‌ಮಸ್ಸಿಗೆ ವಿಲ್ಫ್ ನನ್ನ ಮೇಜಿಗೆ ಬಂದು ಊಟ ಮಾಡ್ತಾನೆ. ಇಲ್ಲಾಂದ್ರೆ ನಾನು ಅವನ ಮೇಜಿಗೆ ಹೋಗ್ತೀನಿ. ಹೋದ್ರೆ ವಾಪಸ್ ಬರೋಳಲ್ಲ.”

“ಯಾರು ತುಂಬಿದ್ರು ನಿನ್ ತಲೇನ?”

“ನನ್ ತಲೆ ತುಂಬೋಕೆ ಯಾರೂ ಬೇಕಾಗಿಲ್ಲ. ಒಂಟಿಯಾಗಿ ಡಬ್ಬಿ ಸೂಪು ಕುಡ್ಕೊಂಡು ಕೂತಿದಾನೆ ನಮ್ಮಣ್ಣ. ನೀನು ಮುಚ್ಚಿಟ್ಕೊಂಡಿರೋ ಆ ತುಕ್ಕಿನ ಗುಡ್ಡೇಲಿ ಏನಿದೆ ಅಂತ ತೆಗೆದು ತೋರ್ಸು. ಅವನ ತಪ್ಪಿದ್ರೆ ನಾನೇ ಅವನ ಮುಖ ನೋಡಲ್ಲ.”

ನೆವಿಲ್ ಬೆಚ್ಚಿದ. ಅಣ್ಣ ತಂಗಿ ಸೇರಿ ಏನೋ ಹೂಡಿದ್ದಾರೆ ಎಂಬ ಅನುಮಾನ ಮೊದಲು ಬಂತು. ಅದರ ಹಿಂದೆಯೇ ಅವಳು ನಿಜಕ್ಕೂ ಹೊರಟುಬಿಡುತ್ತಾಳೆ ಎಂಬ ಹೆದರಿಕೆಯೂ ಬಂತು. ಮರುದಿನ ಬೀಗಗಳಿಗೆ ಎಣ್ಣೆ ಬಿಟ್ಟ.

ತೆಗೆದ ಮೇಲೆ ಸುಮ್ಮನೆ ಬಿಚ್ಚಿ ನೋಡುವುದಲ್ಲ, ಆ ಭಾನುವಾರ ಹೇಗಿತ್ತೋ ಹಾಗೆಯೇ ಪೂರ್ತಿ ಮರಳಿ ಕಟ್ಟಬೇಕು ಎಂದು ಅವನ ಹಟ. ಕಟ್ಟಿ, ಓಡುವಂತೆ ಮಾಡಿ, ವಿಲ್ಫ್‌ನನ್ನು ಎದುರು ನಿಲ್ಲಿಸಿ, ಇಗೋ ನೀನು ಮಾಡಿದ್ದು ಎಂದು ತೋರಿಸಬೇಕು. ಟ್ಯಾಂಕಿನೊಳಗೆ ಇಲಿ ಗೂಡು ಕಟ್ಟಿತ್ತು. ಸರಪಳಿ ಒಂದೇ ತುಂಡಾಗಿ ಬಿಗಿದಿತ್ತು. ಮರದ ಹಿಡಿಯಿಂದ ಮೆಲ್ಲನೆ ತಟ್ಟಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದೇ ನಟ್ಟು ಬಿಡಿಸಿದ. ಹೊಸ ಕಾಲದ ಪಾನಾ ಈ ನಟ್ಟುಗಳಿಗೆ ಕೂರುವುದಿಲ್ಲ, ಬಲವಂತ ಮಾಡಿದರೆ ಮೂಲೆ ಸವೆಯುತ್ತದೆ. ಕಾರ್ಖಾನೆಯ ದಿನಗಳ ಪಾನಾಗಳನ್ನೇ ಅಟ್ಟದಿಂದ ಇಳಿಸಿದ. ಬೇಸಿಗೆಯಿಡೀ ಅಲ್ಯೂಮಿನಿಯಂ ಟ್ಯಾಂಕನ್ನು ಉಪ್ಪುಕಾಗದದಿಂದ ಉಜ್ಜಿದ, ಕೊನೆಗೆ ಐರಿಸ್‌ಳ ಹಳೆಯ ಪೆಟಿಕೋಟಿನಿಂದ ಉಜ್ಜಿದ. ಅದರಲ್ಲಿ ಮುಖ ಕಾಣತೊಡಗಿತು. ಕುಂಟುಗಾಲನ್ನು ಪಕ್ಕಕ್ಕೆ ಚಾಚಿ ನೆಲದ ಮೇಲೆ ಕೂತು ಚಕ್ರಕ್ಕೆ ಕಡ್ಡಿ ಪೋಣಿಸುವಾಗ ಅವನು ಸಿಳ್ಳೆ ಹಾಕಿದ್ದನ್ನು ನಾನೇ ಗೋಡೆಯಾಚೆಯಿಂದ ಕೇಳಿದ್ದೇನೆ. ನನ್ನ ತಲೆ ಕಂಡ ಕೂಡಲೇ ಸಿಳ್ಳೆ ನಿಲ್ಲಿಸಿ, “ಏನ್ ನೋಡ್ತಿದೀಯ? ವಿಲ್ಫ್ ಕಳಿಸಿದ್ನಾ?” ಎಂದ.

ಗೇರ್‌ಬಾಕ್ಸನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದ. ನವೆಂಬರಿನ ಒಂದು ಶನಿವಾರ ಅದರ ಮುಚ್ಚಳ ತೆಗೆದ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದ. ಹಲ್ಲಿನ ಚಕ್ರಗಳೆಲ್ಲ ಸ್ವಸ್ಥಾನದಲ್ಲಿದ್ದವು. ಸಡಿಲ ಬಿಟ್ಟ ಸ್ಕ್ರೂ ಇಲ್ಲ, ಉಜ್ಜಿದ ಗುರುತಿಲ್ಲ, ಒಳಗೆ ಬಿಟ್ಟ ಕಬ್ಬಿಣದ ಚೂರಿಲ್ಲ. ನೆವಿಲ್‌ಗೆ ಸಮಾಧಾನವಾಗಬೇಕಿತ್ತು. ಆದದ್ದು ನಿರಾಸೆ. ಹಾಗಾದರೆ ಹೊರಗಡೆ ಏನೋ ಇರಬೇಕು ಎಂದುಕೊಂಡು, ಪೆಡಲಿನ ಸುತ್ತ ಗಟ್ಟಿಯಾಗಿದ್ದ ಗ್ರೀಸು ಮಣ್ಣಿನ ಮುದ್ದೆಯನ್ನು ಹಿತ್ತಾಳೆ ಬ್ರಷ್ಷಿನಿಂದ ಕೆರೆದ.

ಪೆಡಲು ತಿರುಗಿಸಿ ಹಾಕಿದ್ದಾಗಿರಲಿಲ್ಲ.

ಕಾಲಿಡುವ ಕಂಬಿಯ ತಟ್ಟೆಗೆ ಬೇರೊಂದು ಪುಟ್ಟ ಪೆಡಲು ಕೂರಿಸಿ, ಅಲ್ಲಿಂದ ಗೇರ್‌ಬಾಕ್ಸಿನವರೆಗೆ ಒಂದು ತೆಳ್ಳನೆಯ ಸರಳನ್ನು ಜೋಡಿಸಲಾಗಿತ್ತು. ಸರಳು ತಟ್ಟೆಯ ಹಿಂದೆ ಅಡಗಿದ್ದರಿಂದ ಮೇಲೆ ಕೂತವನಿಗೆ ಕಾಣುವಂತಿರಲಿಲ್ಲ. ಎರಡು ತುದಿಯ ಕೀಲುಗಳನ್ನು ಯಾರೋ ಕೈಯಲ್ಲಿ ಅರ ಹಿಡಿದು ಬಹಳ ಹೊತ್ತು ತಿಕ್ಕಿ ಮಾಡಿದ್ದರು. ನೆವಿಲ್ ಮುಚ್ಚಳ ಹಾಕಿ, ಚಕ್ರ ತಿರುಗಿಸುತ್ತ, ಪೆಡಲನ್ನು ಮೇಲೆತ್ತಿದ. ಒಂದನೇ ಗೇರು. ಕೆಳಗೆ ಒತ್ತಿದ. ಎರಡನೇದು. ಮತ್ತೆ ಮೇಲೆತ್ತಿದ. ಒಂದನೇದು.

ಗೇರು ಹಳೆಯ ಥರವೇ ಇತ್ತು. ವಿಲ್ಫ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗೆಳೆಯ ಕಾಲಿಗೆ ಹೊಸ ಪಾಠ ಕಲಿಯುವ ಪಾಡು ಪಡಬಾರದೆಂದು ಯಾರೂ ಮಾಡದ ಕೆಲಸವನ್ನು ಅವನು ಮಾಡಿಟ್ಟಿದ್ದ. ನೆವಿಲ್ ಎರಡನೇ ಗೇರಿನಲ್ಲಿ ಹೊರಟು, ವೇಗ ಹಿಡಿದ ಮೇಲೆ ತನ್ನ ಕಾಲಿಂದಲೇ ಒಂದನೆಯದಕ್ಕೆ ಎಳೆದಿದ್ದ. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಐರಿಸ್ ಚಹಾ ತಂದಳು. “ಸಿಕ್ತಾ ನಿನ್ ಸಾಕ್ಷಿ?”

“ಇನ್ನೂ ಇಲ್ಲ.”

“ಮತ್ಯಾಕೆ ಮುಖ ಹಂಗಿದೆ?”

“ಚಳಿ.”

ಅವಳು ಅವನನ್ನೂ ಬೈಕನ್ನೂ ಒಂದು ಗಳಿಗೆ ದಿಟ್ಟಿಸಿ ಒಳಗೆ ಹೋದಳು. ಅಡುಗೆಮನೆಯ ಕಿಟಕಿಯ ಪರದೆ ಸರಿಯಿತು. ಈಗ ಅವಳೇ ಅವನ ಮೇಲೆ ಕಣ್ಣಿಟ್ಟಿದ್ದಳು.

ಎರಡು ಬೋಲ್ಟು ಬಿಚ್ಚಿದರೆ ಸರಳು ಕೈಗೆ ಬರುತ್ತದೆ. ಮೂಲೆಯ ಡಬ್ಬಿಯಲ್ಲಿ ಕಾರ್ಖಾನೆಯ ದಿನಗಳ ಒಂದು ಹಳೆಯ ಪೆಡಲು ಬಿದ್ದಿದೆ, ಅದನ್ನು ತಿರುಗಿಸಿ ಹಾಕಿದರೆ ವಿಲ್ಫ್ ಸುಳ್ಳುಗಾರನಾಗಿಯೇ ಉಳಿಯುತ್ತಾನೆ, ತಾನು ಮೋಸಹೋದವನಾಗಿಯೇ ಉಳಿಯಬಹುದು. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ನೆವಿಲ್ ಸರಳನ್ನು ಬಿಚ್ಚಿದ. ಅದು ಕೈಯಲ್ಲಿ ಹಗುರವಾಗಿತ್ತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಹಳೆಯ ಡಬ್ಬಿಯನ್ನು ಮುಟ್ಟದೆ, ಸರಳನ್ನು ಚಿಂದಿಬಟ್ಟೆಯಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಸೇರಿಸಿದ.

ಭಾನುವಾರ ಮಧ್ಯಾಹ್ನ ಅವನು ಕೋಟು ಹಾಕಿದಾಗ ಐರಿಸ್ ಬಾಗಿಲಿಗೆ ಅಡ್ಡ ನಿಂತಳು. “ಜೇಬಲ್ಲಿ ಏನು?”

“ನಿನ್ ಅಣ್ಣನ ಸಾಮಾನು.”

“ಎಲ್ಲಿಗೆ ಒಯ್ತಿದೀಯ? ಕಾಲುವೆಗೆ ಎಸೆಯೋಕಾ?”

“ಅವನಿಗೇ ಕೊಡೋಕೆ.” ಅವಳು ನಂಬಲಿಲ್ಲ. ಬಸ್ ನಿಲ್ದಾಣದವರೆಗೂ ಹಿಂದೆಯೇ ಬಂದು, ಅವನು ಅಣ್ಣನ ಮನೆಯ ಕಡೆಯ ಬಸ್ಸನ್ನೇ ಹತ್ತಿದ್ದನ್ನು ನೋಡಿದ ಮೇಲೆಯೇ ಮನೆಗೆ ಮರಳಿದಳು.

ವಿಲ್ಫ್ ಬಾಗಿಲು ತೆಗೆದ. ಕೂದಲು ಉದುರಿ, ಬೆನ್ನು ಬಾಗಿ, ಬಸ್ ಕಂಡಕ್ಟರನ ಕೆಲಸದಿಂದ ನಿವೃತ್ತನಾದ ಮುದುಕ. ಒಂದು ಕಾಲಕ್ಕೆ ಇಡೀ ಕಾರ್ಖಾನೆಯಲ್ಲಿ ಅವನಂಥ ಫಿಟ್ಟರ್ ಇರಲಿಲ್ಲ. ಆ ಕೆಲಸ ಬಿಟ್ಟು ಟಿಕೆಟ್ ಹರಿಯಲು ಯಾಕೆ ಹೋದನೆಂದು ನೆವಿಲ್ ಕೇಳಿದವನಲ್ಲ. ಅಪರಾಧಿ ಪ್ರಜ್ಞೆ ಕಾಡಿರಬೇಕು ಎಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದ.

“ಐರಿಸ್‌ಗೆ ಏನಾದ್ರೂ ಆಯ್ತಾ?” ವಿಲ್ಫ್ ಗಾಬರಿಯಿಂದ ಕೇಳಿದ.

“ಅವಳು ಚೆನ್ನಾಗಿದಾಳೆ.” ನೆವಿಲ್ ಚಿಂದಿ ಬಿಚ್ಚಿ ಸರಳನ್ನು ಮುಂದೆ ಹಿಡಿದ. “ಬಿಚ್ಚಿ ನೋಡ್ದೆ. ನೀನು ಹೇಳಿದ್ದು ನಿಜ ಕಣೋ. ಹಳೇ ಥರಾನೇ ಇತ್ತು. ನಾನೇ ನಂಬದೆ ಉಲ್ಟಾ ಹಾಕ್ದೆ.”

ವಿಲ್ಫ್ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಕೀಲಿನ ಮೇಲೆ ಹೆಬ್ಬೆರಳು ಆಡಿಸಿದ.

“ಹಾಗಾದ್ರೆ ಇದು ಜಾರಿರ್ಲಿಲ್ವಾ?”

“ಇಲ್ಲ. ಈಗ್ಲೂ ಬಿಗಿಯಾಗೇ ಇತ್ತು.”

“ಕೀಲು ಬಿಟ್ಕೊಂಡಿತ್ತು ಅಂದ್ಕೊಂಡಿದ್ದೆ ನಾನು. ನನ್ ಕೆಲ್ಸ ಕೈಕೊಟ್ಟು ನಿನ್ ಕಾಲು ಹೋಯ್ತು ಅಂತ. ಆಮೇಲೆ ಪಾನಾ ಹಿಡಿಯೋಕೇ ಆಗ್ಲಿಲ್ಲ ನೆವ್. ಯಾರ ಗಾಡಿ ಮುಟ್ಟಿದ್ರೂ ಅವನನ್ನೂ ಬೀಳಿಸ್ತೀನೇನೋ ಅಂತ ಹೆದ್ರಿಕೆ.” ಅವನ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗುತ್ತ ಹೋಯಿತು. “ಆಸ್ಪತ್ರೇಲಿ ಕೇಳ್ದೆ, ಒಂದ್ ಸಲ ನೋಡೋಕೆ ಬಿಡು ಅಂತ. ಐದು ನಿಮಿಷ ಸಾಕಿತ್ತು ನನಗೆ.”

ನೆವಿಲ್ “ತಪ್ಪಾಯ್ತು” ಎಂದ. ಆ ಮಾತು ಅವನ ಕಿವಿಗೇ ಸಣ್ಣದಾಗಿ ಕೇಳಿಸಿತು. “ಬೈಕು ತಯಾರಾಗಿದೆ, ಬಂದು ನೋಡು. ಇದನ್ನ ನೀನೇ ಮತ್ತೆ ಜೋಡ್ಸು.”

ವಿಲ್ಫ್ ಸರಳನ್ನು ತನ್ನ ಸ್ವೆಟರಿನ ಜೇಬಿಗೆ ಇಳಿಬಿಟ್ಟ.

“ಕ್ರಿಸ್‌ಮಸ್ಸಿಗೆ ಬರ್ತೀನಿ, ಐರಿಸ್‌ಗೆ ಹೇಳು. ಅವಳಿಗೋಸ್ಕರ ಬರ್ತೀನಿ. ಇದು ನನ್ ಹತ್ರಾನೇ ಇರ್ಲಿ. ನಾನು ಕೊನೇದಾಗಿ ಮಾಡಿದ ಕೆಲ್ಸ ಇದು, ಅದೂ ಚೆನ್ನಾಗೇ ಮಾಡಿದ್ದೆ ಅಂತ ಇವತ್ತು ಗೊತ್ತಾಯ್ತು. ನಿನ್ ಗಾಡಿಗೆ ಪೆಡಲ್ ತಿರುಗಿಸಿ ಹಾಕ್ಕೋ, ಎಲ್ರೂ ಹಾಕೋ ಹಾಗೆ.”

ಹಾಗೆಂದು, ಸಿಟ್ಟಿಲ್ಲದೆ, ಮೆಲ್ಲಗೆ ಬಾಗಿಲು ಹಾಕಿಕೊಂಡ.